ಲಿವರ್ ಕಾಯ್ದವರು

ಬೆಳಿಗ್ಗೆ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದ ಗಡಿಯಾರ ರಿಪೇರಿಯವನು ತೋಳಿನ ಹತ್ತಿ ಕಿತ್ತೆಸೆಯಲು ಮರೆತದ್ದೇ ಎಡವಟ್ಟಾಯಿತು. ಪಕ್ಕದಂಗಡಿಯ ದರ್ಜಿ ಅದನ್ನು ನೋಡಿ ವಿಚಾರಿಸಿದ. ಕ್ಷಯದ ಮಾತ್ರೆಗಳಿಂದ ಲಿವರ್‌ಗೆ ಏಟು ಬಿದ್ದಿದೆಯೋ ಎಂದು ನೋಡಲು ಡಾಕ್ಟರು ಪರೀಕ್ಷೆ ಬರೆದಿದ್ದಾರೆಂದು ಇವನು ಬಾಯಿಬಿಟ್ಟ.

ಮಾತ್ರೆ ಶುರುವಾದ ವಾರವೇ ಹೆಂಡತಿ ಎಳೆಮಗುವನ್ನೆತ್ತಿಕೊಂಡು ತವರಿಗೆ ಹೋಗಿದ್ದಳು. ಈಗ ರೋಗ ಅಂಟುವ ಭಯ ಕಳೆದಿತ್ತು. ಈ ರಿಪೋರ್ಟೊಂದು ಸರಿಬಂದರೆ ಮಾರನೇ ದಿನವೇ ಬಸ್ಸು ಹತ್ತುತ್ತೇನೆ ಎಂದಿದ್ದಳು. ಮೂರು ತಿಂಗಳಲ್ಲಿ ಮಗುವಿಗೆ ಎರಡು ಹಲ್ಲು ಬಂದಿದ್ದವು. ಅವನ್ನು ಅವನು ಫೋಟೊದಲ್ಲಿ, ವಾಚು ನೋಡುವ ಭೂತಗನ್ನಡಿ ಹಿಡಿದು ನೋಡಿದ್ದ.

ಹತ್ತು ಗಂಟೆಗೆ ದರ್ಜಿ, ಲಿವರ್‌ಗೆ ಒಳ್ಳೆಯದೆಂದು ಲೋಟ ತುಂಬ ನೆಲನೆಲ್ಲಿ ರಸ ತಂದ. ಹನ್ನೊಂದಕ್ಕೆ, ದರ್ಜಿಯಿಂದ ಸುದ್ದಿ ತಿಳಿದ ಬಾಡಿಗೆ ಮನೆಯ ಒಡತಿ ಅರಿಸಿನದ ಕಷಾಯ ಹೊತ್ತು ಬಂದರು. ಅವರ ಹಿಂದೆಯೇ ಅದೇ ಬೀದಿಯ ನಿವೃತ್ತ ಮೇಷ್ಟ್ರು, ಯಾವುದೋ ಮುಳ್ಳುಗಿಡದ ಬೀಜದ ಪುಡಿ ಹಿಡಿದು.

"ಇಲಿಗಳಿಗೆ ಕೊಟ್ಟು ನೋಡಿದ್ದಾರಪ್ಪ. ಕೆಟ್ಟ ಲಿವರ್ರೂ ಚಿಗುರಿತಂತೆ."

"ನಾನು ಇಲಿ ಅಲ್ವಲ್ಲ ಮೇಷ್ಟ್ರೇ."

"ಅಷ್ಟು ಸಣ್ಣ ಪ್ರಾಣೀನೇ ತಡ್ಕೊಂಡಿದೆ. ನಿನಗೇನು ಬಂತು?"

ಕುಡಿಯದೆ ಬಿಟ್ಟು, ಅದರಿಂದಲೇ ಲಿವರ್ ಕೆಟ್ಟು ಹೆಂಡತಿ ಬರದಂತಾದರೆ? ಮೂರನ್ನೂ ಕುಡಿದ. ಹೊಟ್ಟೆ ಹಳೆಯ ಗ್ರೈಂಡರಿನಂತೆ ಗುಡುಗತೊಡಗಿತು. ಓಡಿಹೋಗಿ ಓಡಿಬರುವ ಅವಸರದಲ್ಲಿ ಒಂದು ಗಡಿಯಾರದ ನಿಮಿಷದ ಮುಳ್ಳನ್ನು ಗಂಟೆಯ ಜಾಗಕ್ಕೆ ಕೂರಿಸಿದ. ಗಿರಾಕಿ ಬೈದು ಹೋದ.

ಸಂಜೆ ಮೂವರೂ ಅವನ ಜೊತೆ ಕ್ಲಿನಿಕ್ಕಿಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ರಿಪೋರ್ಟು ನೋಡಿ, ಲಿವರ್ ಚೆನ್ನಾಗಿದೆ, ಮಾತ್ರೆ ಮುಂದುವರಿಸು ಎಂದರು ಡಾಕ್ಟರು. ಕಷಾಯಗಳ ಸುದ್ದಿ ಕೇಳಿ ರೇಗಿದರು: ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗಬೇಕೆಂದಿಲ್ಲ, ಕೆಲವು ಗಿಡಮೂಲಿಕೆಗಳು ಲಿವರನ್ನೇ ಕೆಡಿಸುತ್ತವೆ, ಇನ್ನು ಮುಟ್ಟಕೂಡದು.

ಹೊರಗೆ ಬಂದು ಚೆನ್ನಾಗಿದೆಯಂತೆ ಎನ್ನುವಷ್ಟರಲ್ಲಿ ಮೂವರೂ ಹಿಗ್ಗಿ ಹೀರೇಕಾಯಿಯಾದರು. ಮಿಕ್ಕ ಮಾತು ಯಾರ ಕಿವಿಗೂ ಬೀಳಲಿಲ್ಲ. ಮನೆ ಒಡತಿ ಆಗಲೇ ಫೋನು ಕಿವಿಗಿಟ್ಟಿದ್ದರು. ಇವನು ಹೆಂಡತಿಗೆ ಮಾಡಿದರೆ ಲೈನು ಬಿಜಿ. ನಾಲ್ಕನೇ ಸಲಕ್ಕೆ ಸಿಕ್ಕಳು.

"ಮನೆ ಓನರಮ್ಮ ಎಲ್ಲಾ ಹೇಳಿದ್ರು ರೀ. ನನ್ನ ಕೈಲಿ ನಿಮಗೆ ಒಂದು ಲೋಟ ಹಾಲು ಕುಡಿಸೋಕಾಗ್ತಿರಲಿಲ್ಲ. ಅವರು ಒಂದೇ ದಿನದಲ್ಲಿ ಲಿವರ್ ಸರಿ ಮಾಡಿದಾರೆ. ಕೊನೇ ಮಾತ್ರೆವರೆಗೂ ನಾವೇ ನೋಡ್ಕೋತೀವಿ, ನೀನು ತವರಲ್ಲಿ ಸುಧಾರಿಸ್ಕೊಂಡು ನಿಧಾನ ಬಾ ಅಂದ್ರು. ಇನ್ನು ಮೂರೇ ತಿಂಗಳಲ್ವಾ?"

"ಅಲ್ಲ ಕಣೇ, ರಕ್ತ ಕೊಟ್ಟಿದ್ದು ಬೆಳಿಗ್ಗೆ. ಅದೆಲ್ಲಾ ಕುಡಿಯೋಕೆ ಮುಂಚೆ..."

"ತಡೀರಿ, ಇವಳು ಏನೋ ಹೇಳ್ತಿದಾಳೆ."

ಫೋನಿನಲ್ಲಿ ಮಗುವಿನ ತೊದಲು ಕೇಳಿಸಿತು. ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಬೆನ್ನ ಹಿಂದೆ ದರ್ಜಿ, ನಾಳೆ ರಸ ಎಷ್ಟು ಗಂಟೆಗೆ ತರಲಿ ಎಂದು ಕೇಳುತ್ತಿದ್ದ.