ದೇವರ ಗೂಡು ಸೇರಿದ ದಿನಚರಿ

ಯುಗಾದಿಯ ದಿನ ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ಭೈರೇಶ್ ಘೋಷಿಸಿಬಿಟ್ಟ: ಇವತ್ತಿನಿಂದ ದಿನಕ್ಕೊಂದು ಪುಟ ಬರೆದೇ ತೀರುತ್ತೇನೆ, ಆಕಾಶ ಕಳಚಿ ಬಿದ್ದರೂ ಸರಿ! ಹೆಂಡತಿ ಸುಧಾ ಒಬ್ಬಟ್ಟಿನ ಹಂಚಿನಿಂದ ತಲೆಯೆತ್ತಲಿಲ್ಲ. ಮದುವೆಗೆ ಮುಂಚೆ ಅವನು ದಿನಾ ಬರೆಯುತ್ತಿದ್ದವನೇ. ಆಮೇಲೆ ತಮಿಳುನಾಡಿನ ಹೊಸೂರಿನ ಫ್ಯಾಕ್ಟರಿ, ಶಿಫ್ಟು, ಮಕ್ಕಳು, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆ, ಇವೆಲ್ಲ ಸೇರಿ ಪೆನ್ನು ಕಿತ್ತುಕೊಂಡವು. ಆಸೆ ಮಾತ್ರ ಹೋಗಿರಲಿಲ್ಲ. ಸೂಳಗಿರಿಯಲ್ಲಿ ಕಂಪನಿ ಬಸ್ಸು ಹತ್ತಿ ಮನಸ್ಸಿನಲ್ಲೇ ಸಾಲು ಕಟ್ಟುವುದು, ಗೇಟು ಬರುವಷ್ಟರಲ್ಲಿ ಮರೆತು ಹಲುಬುವುದು, ಇದೇ ಅವನ ಸಾಹಿತ್ಯಸೇವೆಯಾಗಿತ್ತು.

ಒಂದು ಅನುಕೂಲವೂ ಇತ್ತು. ಮನೆಯಲ್ಲಿ ಎಲ್ಲರ ಮಾತೂ ಕನ್ನಡ, ಆದರೆ ಕನ್ನಡ ಶಾಲೆಗೆ ಹೋದವನು ಅವನೊಬ್ಬನೇ. ಸುಧಾ ಓದಿದ್ದು ತಮಿಳು ಶಾಲೆಯಲ್ಲಿ, ಮಕ್ಕಳೂ ಅಷ್ಟೇ. ಏನು ಬೇಕಾದರೂ ಬರೆದು ಟೇಬಲ್ಲಿನ ಮೇಲೆ ಬಿಡಬಹುದು, ಬೀಗವೇ ಬೇಡ. ಎಂಥ ಸೌಭಾಗ್ಯ! ಭೈರೇಶ್ ಹಾಳೆ ಎಳೆದುಕೊಂಡು, ಸಾರು ನೀರಾಗಿತ್ತು ಎಂಬಲ್ಲಿಂದ ಶುರುಮಾಡಿ, ವರ್ಷಗಳಿಂದ ಎದೆಯಲ್ಲಿದ್ದುದನ್ನೆಲ್ಲ ಸುರಿದ. ಮರುದಿನ ಹಾಳೆಯನ್ನು ಅಲ್ಲೇ ಬಿಟ್ಟು ಡ್ಯೂಟಿಗೆ ಹೋದ.

ಸಂಜೆ ಬಂದು ನೋಡುತ್ತಾನೆ, ಹಾಳೆ ದೇವರ ಗೂಡಿನಲ್ಲಿದೆ! ಮೂಲೆಗಳಿಗೆ ಅರಿಶಿನ, ಮೇಲೊಂದು ಚೆಂಡುಹೂವು. ಆ ಮನೆಯಲ್ಲಿ ಕನ್ನಡದ ಕಾಗದವೆಂದರೆ ಅವನ ತೀರಿಹೋದ ತಾಯಿ ಭದ್ರಮ್ಮನ ಸ್ತೋತ್ರಗಳು ಮಾತ್ರ. ಹಬ್ಬದ ದಿನ ಗಂಡ ಭಕ್ತಿಯಿಂದ ಕೂತು ಬರೆದದ್ದೂ ಸ್ತೋತ್ರವೇ ಎಂದು ಸುಧಾ ತಿಳಿದಿದ್ದಳು. ನಿಜ ಹೇಳಿದರೆ ಸಾರಿನ ವಿಷಯ ಹೊರಗೆ ಬೀಳುತ್ತದೆ. ಭೈರೇಶ್ ತನ್ನ ಗೊಣಗಾಟಕ್ಕೆ ತಾನೇ ಕೈಮುಗಿದು ಮಂಗಳಾರತಿ ತೆಗೆದುಕೊಂಡ.

ಶುಕ್ರವಾರ ಪಕ್ಕದ ಮನೆಯ ಇಂದ್ರಮ್ಮ ಕುಂಕುಮಕ್ಕೆ ಬಂದರು. ಗಂಡನ ಕೆಲಸದ ಮೇಲೆ ತುಮಕೂರು ಕಡೆಯಿಂದ ಬಂದವರು, ಕನ್ನಡ ಚೆನ್ನಾಗಿ ಓದುವವರು. ಅತ್ತೆ ಹೋದಮೇಲೆ ಈ ಮನೆಯಲ್ಲಿ ಸ್ತೋತ್ರ ಕೇಳೇ ಇಲ್ಲ, ಒಂದಿಷ್ಟು ಓದಿ ಎಂದು ಸುಧಾ ಹಾಳೆ ಕೊಟ್ಟು ಕಣ್ಣುಮುಚ್ಚಿ ಕೂತಳು. ಭೈರೇಶ್ ಸ್ನಾನ ಮುಗಿಸಿ ಬರುವಷ್ಟರಲ್ಲಿ ಇಂದ್ರಮ್ಮ ರಾಗ ತೆಗೆದಾಗಿತ್ತು.

"ಇವತ್ತೂ ಸಾರು ನೀರು..."

ರಾಗ ಅಲ್ಲೇ ನಿಂತಿತು. ಸುಧಾ ಒಂದೇ ಕಣ್ಣು ತೆರೆದು, "ನಿಲ್ಲಿಸ್ಬ್ಯಾಡಿ, ಓದಿ," ಎಂದಳು.

ಇಂದ್ರಮ್ಮ ಈ ಸಲ ಮೆಲ್ಲಗೆ ಓದಿದರು. "ಮದುವೆಯಾದ ಹೊಸತರಲ್ಲಿ ಕೆಲಮಂಗಲದ ಬಸ್ಸಿನಲ್ಲಿ ಇವಳು ನನ್ನನ್ನು ನೋಡಿ ನೋಡಿ ನಕ್ಕಿದ್ದಳು. ಆ ನಗು ಎಲ್ಲಿ ಹೋಯಿತು? ಒಂದೇ ಮನೆಯಲ್ಲಿದ್ದೂ ಇವಳಿಗಾಗಿ ಹಂಬಲಿಸುತ್ತೇನೆ. ಹೇಳಲು ಬಾಯೇ ಬರುವುದಿಲ್ಲ."

ಪಾಪ, ಇಂದ್ರಮ್ಮ ಕುಂಕುಮವನ್ನೂ ಮರೆತು ಹೊರಟುಹೋದರು. ಭೈರೇಶ್ ಟವೆಲು ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. ಸುಧಾಳ ಕಣ್ಣು ಒದ್ದೆಯಾಗಿತ್ತು.

"ನಂಗೆ ಹೇಳಾದ್ನ ನಂಗೇ ಓದಕ್ಕಾಗ್ದಂಗೆ ಬರ್ದ್ರೆ, ಯಾರಿಗೆ ಬರ್ದಂಗಾಯ್ತು?"

ಭೈರೇಶ್ ಟವೆಲಿನಲ್ಲೇ ಬಂದು ಅವಳ ಪಕ್ಕ ಕೂತ. ಆವತ್ತು ಬಸ್ಸಿನಲ್ಲಿ ಯಾಕೆ ಹಾಗೆ ನಕ್ಕಿದ್ದೆ, ಅದನ್ನಾದರೂ ಹೇಳು ಎಂದು ಗೋಗರೆದ.

"ಬಾಯಲ್ಲಿ ಹೇಳಾಕಿಲ್ಲ. ಅಕ್ಷರ ಕಲ್ಸಿ, ಬರ್ದು ಕೊಡ್ತೀನಿ."

ಅಂದಿನಿಂದ ಮನೆಯಲ್ಲಿ ಪಾಠಶಾಲೆ ಶುರುವಾಯಿತು. ಅವನ ದಿನಕ್ಕೊಂದು ಪುಟ ಅಲ್ಲಿಗೇ ನಿಂತರೂ ಬೇಸರವಾಗಲಿಲ್ಲ. ಸುಧಾ ಒಂದೊಂದು ಅಕ್ಷರ ತಿದ್ದಿದಾಗಲೂ ಆ ಉತ್ತರ ಒಂದು ಹೆಜ್ಜೆ ಹತ್ತಿರ ಬಂದಂತೆ ಜೀವ ತುಡಿಯುತ್ತಿತ್ತು. ಏನಿರಬಹುದು? ನೀವೇ ನನ್ನ ಭಾಗ್ಯ ಎಂದಿರಬಹುದೇ? ನಿಮ್ಮ ಮುಖದ ಕಳೆಗೆ ಸೋತೆ ಎಂದೇ? ಕನ್ನಡಿಯ ಮುಂದೆ ನಿಂತು ಎರಡನೆಯದೇ ಸರಿ ಎಂದು ತೀರ್ಮಾನಿಸಿದ.

ಒಂದು ಭಾನುವಾರ ಸಂತೆಯಿಂದ ಬರುವಷ್ಟರಲ್ಲಿ ದೇವರ ಗೂಡಿನಲ್ಲಿ ಹೊಸ ಹಾಳೆ ಇತ್ತು, ಅರಿಶಿನದ ಸಮೇತ. ಭೈರೇಶ್ ಕೈಕಾಲು ತೊಳೆದು ಬಂದು ಹಾಳೆ ಬಿಡಿಸಿದ. ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿದ್ದವು.

"ಆವತ್ತು ನೀವು ಅಂಗಿ ಉಲ್ಟಾ ಹಾಕ್ಕೊಂಡಿದ್ರಿ. ಹೊಸಬಳು, ಹೇಳಕ್ಕೆ ನಾಚ್ಕೆ ಆಯ್ತು. ಇವತ್ತು ಸಂತೆಗೂ ಹಂಗೇ ಹೋಗಿದೀರಿ."

ಭೈರೇಶ್ ಬಗ್ಗಿ ತನ್ನ ಅಂಗಿ ನೋಡಿಕೊಂಡ. ಅಡುಗೆಮನೆಯಲ್ಲಿ ಸುಧಾ ಕೆಲಮಂಗಲದ ಬಸ್ಸಿನಲ್ಲಿ ನಕ್ಕಂತೆಯೇ ನಗುತ್ತಿದ್ದಳು. ಅವನು ಅಂಗಿಯನ್ನು ಸರಿಮಾಡಿಕೊಳ್ಳಲು ಹೋಗಲಿಲ್ಲ.