ಕೇಜಿನ ಅಳತೆ ಮತ್ತು ಬೀಗರ ಋಣ

ಅವಮಾನವನ್ನು ಮರೆಯುವುದು ದೊಡ್ಡ ಗುಣವೆನ್ನುತ್ತಾರೆ. ನನಗೆ ಆ ಗುಣವಿಲ್ಲ. ಇರುವವರನ್ನು ಕಂಡರೆ ಅವರ ಜ್ಞಾಪಕಶಕ್ತಿಯ ಬಗ್ಗೆಯೇ ಅನುಮಾನವಾಗುತ್ತದೆ. ಮಗಳ ಮದುವೆಯ ಮರುದಿನ ಹುಮನಾಬಾದಿನ ಬೀಗರು ತಮ್ಮ ಮನೆಯ ಊಟದಲ್ಲಿ ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದರು. ಅಷ್ಟರಲ್ಲಿ ಜಿಲೇಬಿ ಮುಗಿದು ಪಾತ್ರೆಯಲ್ಲಿ ಬರಿಯ ಪಾಕ ಉಳಿದಿತ್ತು. ಆಮೇಲೆ ಮೊಮ್ಮಗನೂ ಹುಟ್ಟಿದ. ಆ ಪಾಕ ಮಾತ್ರ ಇನ್ನೂ ನನ್ನ ಗಂಟಲಿನಿಂದ ಇಳಿದಿರಲಿಲ್ಲ.

ಮೊಣಕಾಲಿನ ವ್ಯಾಯಾಮಕ್ಕೆಂದು ನಾನು ಗೇರಿನ ಸೈಕಲ್ ಕೊಂಡಾಗ, ಕಾಳಿನ ವ್ಯಾಪಾರಿಯಾದ ಈ ಬೀಗರು ನಾಲ್ಕು ಜನರೆದುರು ನಕ್ಕರು. "ಬೀಗರ, ಅದರ ಮ್ಯಾಲ ನಿಮ್ಮ ಕಲ್ಯಾಣದಿಂದ ನಮ್ಮ ಊರಿಗಿ ಬಂದು ತೋರಸ್ರಿ. ಬ್ಯಾಂಡ್ ಹಚ್ಚಿ ಕರ್ಕೊಂಡು ಹೋಗ್ತೀನಿ!" ಮೊಮ್ಮಗನ ಜವಳಕ್ಕೆ ಸೈಕಲ್ಲಿನಲ್ಲೇ ಬರುತ್ತೇನೆಂದು ನಾನೂ ಮಾತು ಕೊಟ್ಟೆ. ಬಸ್ಸಿನಲ್ಲಿ ಹೋಗಿ ಇಳಿದರೆ ಉಳಿದ ಆಯುಷ್ಯವೆಲ್ಲ ಆ ನಗೆಯನ್ನು ಕೇಳಬೇಕಾಗಿತ್ತು.

ಜವಳ ಹತ್ತಿರವಾದಾಗಲೇ ಸೈಕಲ್ ಗೋಡೆಯಿಂದ ಜಾರಿಬಿದ್ದು ಹಿಂದಿನ ಡಿರೇಲರ್ ಮುರಿಯಿತು. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನವದು. ಎರಡು ಪುಟ್ಟ ಗಾಲಿಗಳನ್ನು ಹೊತ್ತು ಕೆಳಗೆ ಜೋತಾಡುವ ಅದರ ತೋಳಿಗೆ ಕೇಜ್ ಎಂದು ಹೆಸರು. ಹುಮನಾಬಾದಿನ ಅಂಗಡಿಯವರು ಫೋನಿನಲ್ಲಿ, "ಕೇಜ್ ಗಿಡ್ಡದೋ, ನಡುವಿಂದೋ, ಉದ್ದಂದೋ? ಗಾಲಿಯಿಂದ ಗಾಲಿಗಿ ಅಳದು ಹೇಳ್ರಿ" ಎಂದರು. ನಾನು ಕನ್ನಡಕ ಒರೆಸಿಕೊಂಡು, ಮೇಲಿನ ಗಾಲಿಯ ಹಲ್ಲು ಮುಗಿಯುವಲ್ಲಿಂದ ಕೆಳಗಿನ ಗಾಲಿಯ ಹಲ್ಲು ಶುರುವಾಗುವವರೆಗೆ ಕೂದಲೆಳೆಯಷ್ಟೂ ತಪ್ಪದಂತೆ ಅಳೆದೆ. ಅಳತೆಯ ಪ್ರಕಾರ ಗಿಡ್ಡ ಕೇಜಿನದು ಬಂತು. ತಂದುಕೊಟ್ಟವರು ಬೀಗರೇ, ಕೊಡುವಾಗ ಮೀಸೆಯಡಿಯಲ್ಲಿ ನಕ್ಕದ್ದೂ ನನ್ನ ಗಮನಕ್ಕೆ ಬಾರದಿರಲಿಲ್ಲ.

ಅವರೆದುರೇ ಜೋಡಿಸಿದೆ. ಸರಪಳಿ ದೊಡ್ಡ ಚಕ್ರವನ್ನೇರುತ್ತಲೇ ತೋಳು ಮುಂದಕ್ಕೆ ಸೆಟೆದು ಪೆಡಲ್ ಕಚ್ಚಿಕೊಂಡಿತು. ಚಿಕ್ಕದಕ್ಕಿಳಿಸಿದರೆ ಸರಪಳಿ ಜೋತುಬಿತ್ತು. "ಹ್ಯಾಂಗ ಅಳದ್ರಿ?" ಎಂದರು ಬೀಗರು. ಸ್ಕೇಲಿಟ್ಟು ತೋರಿಸಿದೆ.

"ಅಲ್ರಿ ಬೀಗರ, ಕಲ್ಯಾಣದಿಂದ ಹುಮನಾಬಾದ್ ಎಷ್ಟು ದೂರ ಅಂದ್ರ, ನಿಮ್ಮ ಊರ ಕಡೀ ಮನೀಯಿಂದ ನಮ್ಮ ಊರ ಮೊದಲನೇ ಮನೀತನಕ ಅಳೀತಾರೇನು? ನಡು ಊರಿಂದ ನಡು ಊರಿಗಿ ಅಳೀಬೇಕು!"

ಮುರಿದ ಹಳೆಯದರ ಮೇಲಿನ ಗಾಲಿಯ ಬೋಲ್ಟಿನ ನಡುವಿನಿಂದ ಕೆಳಗಿನದರ ನಡುವಿಗೆ ಸ್ಕೇಲಿಟ್ಟೆ. ನನ್ನದು ಉದ್ದ ಕೇಜು!

ಅವರು ಸುಮ್ಮನಿದ್ದಿದ್ದರೆ ನಾನು ಬಸ್ಸು ಹತ್ತುತ್ತಿದ್ದೆ, ಗೆಲುವು ಅವರದಾಗುತ್ತಿತ್ತು. ಆದರೆ ಅವರು ಗಿಡ್ಡದ್ದನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಹೋಗಿ, ಅಂಗಡಿಯವರೊಡನೆ ಜಗಳವಾಡಿ ಬದಲಾಯಿಸಿ, ಮರುದಿನ ಉದ್ದದ್ದನ್ನು ತಂದರು. "ಯಾಕ ಇಷ್ಟು ತ್ರಾಸ ತಗೊಂಡ್ರಿ?" ಎಂದೆ. "ಬಸ್ಸಿನ್ಯಾಗ ಬಂದವರನ್ನ ನೋಡಿ ನಗಲಾಕ ಏನ್ ಮಜಾ ಅದ? ಏದುಸಿರು ಬಿಟ್ಕೋತ ಬರ್ರಿ, ಆಗ ನಗ್ತೀನಿ" ಎಂದರು.

ಏದುಸಿರು ಬಿಡುತ್ತಲೇ ಹೋದೆ. ಊರ ಬಾಗಿಲಲ್ಲಿ ಬೀಗರೊಬ್ಬರೇ ಸ್ಟೀಲಿನ ತಟ್ಟೆ ಬಾರಿಸುತ್ತ ನಿಂತಿದ್ದರು. ಮೊದಲನೆಯ ಪಂಕ್ತಿಯಲ್ಲಿ ಕೂರಿಸಿ, ಬೇಡವೆಂದರೂ ಕೇಳದೆ, ಕೈಯಾರೆ ಜಿಲೇಬಿ ಬಡಿಸಿದರು. ನಾನು ಅವರಿಗೆ ಋಣಿ. ಇಷ್ಟು ಬರೆಯುವುದು ಆ ದಾರಿಯ ಏರುಗಳಿಗಿಂತ ಕಷ್ಟವಾಯಿತು. ಎಷ್ಟೋ ವರ್ಷ ಕಾಪಾಡಿಕೊಂಡು ಬಂದ ಪಾಕದ ದೂರು ಒಂದೇ ಊಟದಲ್ಲಿ ಕರಗಿಹೋಯಿತಲ್ಲ, ಇನ್ನು ಬೀಗರ ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂದು ಕೈತೊಳೆಯುವಾಗ ಗಾಬರಿಯೇ ಆಯಿತು. ಪುಣ್ಯಕ್ಕೆ, ಕೈ ಒರೆಸಿಕೊಳ್ಳುವಷ್ಟರಲ್ಲಿ ನೆನಪಾಯಿತು: ಅವರು ಹೇಳಿದ್ದು ಬ್ಯಾಂಡು, ಬಾರಿಸಿದ್ದು ತಟ್ಟೆ.