ಕೂಸಿನ ಪೌಡರಿಗೆ ತ್ರಿಕೋನವಿಲ್ಲ

ನಮ್ಮ ಅಂಗಡಿಗೆ ಡಬ್ಬ ಕೊಳ್ಳಲು ಬರುವವರಿಗಿಂತ ಡಬ್ಬದ ಹಿಂಬದಿ ಓದಿಸಿಕೊಳ್ಳಲು ಬರುವವರೇ ಈಗೀಗ ಹೆಚ್ಚು. ತಿತಿಮತಿಯ ರಸ್ತೆ ಬದಿಯ ಜನರಲ್ ಸ್ಟೋರ್ ಇದು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಅಪ್ಪನ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು. ಓದಿದ್ದು ಉಪಯೋಗಕ್ಕೆ ಬರಲಿಲ್ಲವೆಂಬ ಕೊರಗು ಉಳಿದಿಲ್ಲ. ದಿನಕ್ಕೆ ನಾಲ್ಕು ಸಲ ಉಪಯೋಗಕ್ಕೆ ಬರುತ್ತಿದೆ, ಪುಕ್ಕಟೆಯಾಗಿ.

ನೀರೂ ಕೆಮಿಕಲ್ಲೇ

ಹೋಮ್‌ಸ್ಟೇ ನಡೆಸುವ ಹೆಂಗಸೊಬ್ಬರು ಕೆಮಿಕಲ್ ಇಲ್ಲದ ಫಿನಾಯಿಲ್ ಕೇಳಿದರು. ಅತಿಥಿಗಳು ಮಕ್ಕಳನ್ನು ಕರೆತರುತ್ತಾರೆ, ಮಕ್ಕಳು ನೆಲದ ಮೇಲೆ ಅಂಬೆಗಾಲಿಡುತ್ತವೆ, ಘಾಟು ಬಂದರೆ ಅಪ್ಪ ಅಮ್ಮ ಇಂಟರ್‌ನೆಟ್ಟಿನಲ್ಲಿ ಬರೆದುಬಿಡುತ್ತಾರೆ.

"ಕೆಮಿಕಲ್ ಇಲ್ಲದ್ದು ಅಂತ ಲೋಕದಲ್ಲಿ ಏನೂ ಇಲ್ಲ ಮೇಡಂ. ನೀರೂ ಕೆಮಿಕಲ್ಲೇ," ಎಂದೆ.

ಅವರು ಗಾಬರಿಯಾದರು. "ನಮ್ಮದು ಬೋರ್‌ವೆಲ್ ನೀರು. ಅದರಲ್ಲಿ ಇಲ್ಲ ತಾನೆ?"

ತ್ರಿಕೋನ

'ನೀರೂ ಕೆಮಿಕಲ್ಲೇ' ಎಂಬ ಒಂದೇ ಮಾತಿನಿಂದ ನಾನು ವರ್ಷಗಟ್ಟಲೆ ಎಲ್ಲ ವಾದಗಳನ್ನೂ ಗೆದ್ದಿದ್ದೇನೆ. ಸೋತದ್ದು ಆಯಮ್ಮನ ಮುಂದೆ.

ಆಯಮ್ಮ ಎಂದರೆ ಹತ್ತಿರದ ಕಾಫಿ ತೋಟದ ಶಿಶುವಿಹಾರದ ಆಯಾ. ಕೂಲಿಯವರ ಲೈನ್‌ಮನೆಯ ತಾಯಂದಿರು ಹಣ್ಣು ಕೊಯ್ಯುವ ಪಿಕಿಂಗಿಗೆ ಹೋದಾಗ ಏಳೆಂಟು ಕೂಸುಗಳನ್ನು ನೋಡಿಕೊಳ್ಳುತ್ತಾರೆ. ಮೊದಲು ಅವರೂ ಪಿಕಿಂಗಿನವರೇ. ಮಂಡಿ ಕೆಟ್ಟ ಮೇಲೆ ಈ ಕೆಲಸ ಸಿಕ್ಕಿತ್ತು. ಈಗ ಅದಕ್ಕೂ ಸಂಚಕಾರ ಬಂದಿತ್ತು. ಒಂದು ಕೂಸಿನ ಕುತ್ತಿಗೆಯಲ್ಲಿ, ಕಂಕುಳಲ್ಲಿ ಕೆಂಪು ಗುಳ್ಳೆಗಳು ಎದ್ದಿದ್ದವು. ಆಯಾ ಸರಿಯಾಗಿ ನೋಡಿಕೊಳ್ಳುವುದಿಲ್ಲವೆಂದು ತಾಯಿ ತೋಟದ ಉಸ್ತುವಾರಿ ನೋಡುವ ರೈಟರಿಗೆ ದೂರು ಕೊಟ್ಟಳು. ಇನ್ನೊಂದು ದೂರು ಬಂದರೆ ವಾಪಸ್ ಪಿಕಿಂಗಿಗೆ ಎಂದು ರೈಟರ್ ಹೇಳಿಬಿಟ್ಟರು.

ಆಯಮ್ಮನ ಗುಮಾನಿ ಆ ತಾಯಿಯೇ ಕಳಿಸುತ್ತಿದ್ದ ಘಮಘಮ ಪೌಡರಿನ ಮೇಲೆ.

"ಹಾಕ್ಬೇಡಿ, ಆಯ್ತಲ್ಲ," ಎಂದೆ.

"ಸಂಜೆ ಬಂದು ಕೂಸನ್ನ ಮೂಸಿ ನೋಡ್ತಾಳೆ ಅಣ್ಣ. ಘಮ ಇಲ್ದಿದ್ರೆ ಸ್ನಾನ ಮಾಡಿಸಿಲ್ಲ ಅಂತಾಳೆ. ಹಾಕಿದ್ರೆ ಗುಳ್ಳೆ, ಹಾಕದಿದ್ರೆ ದೂರು." ಡಬ್ಬವನ್ನು ಕೌಂಟರಿನ ಮೇಲೆ ಕುಕ್ಕಿದರು. ನಮ್ಮ ಅಂಗಡಿಯದೇ ಮಾಲು. "ಇದರ ತ್ರಿಕೋನ ಎಲ್ಲಿದೆ?"

ಗಿಡಕ್ಕೆ ಹೊಡೆಯುವ ಮದ್ದಿನ ಡಬ್ಬದ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಎಂದರೆ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ತೋಟದ ಕಾಫಿ ಹೊರದೇಶಕ್ಕೆ ಹೋಗುತ್ತದೆ. ಏನು ಹೊಡೆದಿರಿ, ಎಷ್ಟು ಹೊಡೆದಿರಿ ಎಂದು ಕೊಳ್ಳುವವರು ಕೇಳುತ್ತಾರೆ, ವರ್ಷಕ್ಕೊಮ್ಮೆ ಆಡಿಟ್ ಮಾಡಿಸುತ್ತಾರೆ. ಹಾಗಾಗಿ ಓದು ಬಾರದವರಿಗೂ ಅಲ್ಲಿ ತ್ರಿಕೋನ ಗೊತ್ತು.

"ಪೌಡರಿಗೆ ಅದೆಲ್ಲ ಇರಲ್ಲ ಆಯಮ್ಮ."

"ಗಿಡಕ್ಕೆ ಹಾಕೋದಕ್ಕೆ ಇದೆ, ಕೂಸಿಗೆ ಹಾಕೋದಕ್ಕಿಲ್ವಾ?"

"ಇದು ವಿಷ ಅಲ್ಲ, ಬರೀ ಕೆಮಿಕಲ್. ಹಾಗೆ ನೋಡಿದ್ರೆ ನೀರೂ ಕೆಮಿಕಲ್ಲೇ."

"ಹಾಗಾದ್ರೆ ನೀರೇ ಸಾಕಲ್ಲ. ಇದನ್ನ ಯಾಕೆ ಮಾರ್ತೀರಿ?"

ಎಷ್ಟು ದಿನ ಬಿಟ್ಟು?

ಎರಡು ದಿನ ಬಿಟ್ಟು ಮತ್ತೆ ಬಂದರು.

"ಇದನ್ನ ಹಾಕಿದ ಮೇಲೆ ಎಷ್ಟು ದಿನ ಬಿಟ್ಟು ಕೂಸನ್ನ ಎತ್ಕೋಬಹುದು?"

ತೋಟದಲ್ಲಿ ಮದ್ದು ಹೊಡೆದ ಕಡೆ ಬೋರ್ಡು ನೆಡುತ್ತಾರೆ. ಇಷ್ಟು ದಿನ ಒಳಗೆ ಹೋಗಬಾರದು, ಇಷ್ಟು ದಿನ ಹಣ್ಣು ಕೊಯ್ಯಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಆಯಮ್ಮ ಆ ಬೋರ್ಡನ್ನು ಕೂಸಿಗೂ ನೆಡಲು ಹೊರಟಿದ್ದರು. ನಾನು ಗಟ್ಟಿಯಾಗಿ ನಕ್ಕೆ.

"ದಿನಗಿನ ಏನಿಲ್ಲ. ಹಾಕಿದ ತಕ್ಷಣ ಎತ್ಕೋಬಹುದು."

"ಯಾರು ಹೇಳಿದ್ದು?"

ಡಬ್ಬವನ್ನು ತಿರುಗಿಸಿ ನೋಡಿದೆ. ಯಾರೂ ಹೇಳಿರಲಿಲ್ಲ. ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳ ಕೂಸಿಗೆ, ಉಸಿರಿನಲ್ಲಿ ಒಳಗೆ ಹೋದರೆ ಏನು, ಒಂದನ್ನೂ ಬರೆದಿರಲಿಲ್ಲ. ಒಂದು ನಗುವ ಕೂಸಿನ ಚಿತ್ರ ಮಾತ್ರ ಇತ್ತು. ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಬಹುದು. ನಕ್ಕ ನಗುವಿಗೆ ಆ ಸೌಲಭ್ಯವಿಲ್ಲ.

ಗುಟ್ಟು

ಡಬ್ಬದ ಹಿಂದಿನ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ ಹೇಳಿದೆ. ಪಟ್ಟಿಯ ಕೊನೆಯಲ್ಲಿ 'ಪರಿಮಳ' ಎಂದಷ್ಟೇ ಇತ್ತು.

"ಪರಿಮಳ ಅಂದ್ರೆ ಯಾವುದರದ್ದು?"

ನನಗೂ ಗೊತ್ತಿರಲಿಲ್ಲ. ಆ ಒಂದು ಪದದೊಳಗೆ ಹತ್ತಾರು ವಸ್ತುಗಳು ಕೂತಿರಬಹುದು. ಡಬ್ಬದ ಮೇಲಿದ್ದ ಗ್ರಾಹಕರ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಹುಡುಗಿಯೊಬ್ಬಳು ಜೇನಿನಂಥ ದನಿಯಲ್ಲಿ, ಪರಿಮಳದಲ್ಲಿ ಏನಿದೆ ಎಂಬುದು ಕಂಪನಿಯ ಗುಟ್ಟು, ಹೇಳುವಂತಿಲ್ಲ ಎಂದಳು.

ಆಯಮ್ಮ ಫೋನಿನ ಕಡೆ ಬಗ್ಗಿದರು. "ನಮ್ಮತ್ತೆನೂ ಹಂದಿಸಾರಿನ ಮಸಾಲೆ ಗುಟ್ಟು ಸಾಯೋ ತನಕ ಬಿಟ್ಕೊಡ್ಲಿಲ್ಲ ಕಣಮ್ಮ. ಆದ್ರೆ ಮೊದಲ ತುತ್ತು ಅವರೇ ತಿಂತಿದ್ರು."

ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಹುಡುಗಿ ಫೋನ್ ಇಟ್ಟಳು.

ಆಡಿಟ್

ಆಸ್ಪತ್ರೆಯ ಡಾಕ್ಟರು ಗುಳ್ಳೆ ನೋಡಿ, ವಾಸನೆ ಇರುವುದನ್ನೆಲ್ಲ ಸದ್ಯಕ್ಕೆ ನಿಲ್ಲಿಸಿ ಎಂದರಂತೆ. ತಾಯಿ ಒಪ್ಪಲಿಲ್ಲ. ಅವಳೂ ಕೆಟ್ಟವಳಲ್ಲ, ದಿನವಿಡೀ ಕೂಸನ್ನು ಬಿಟ್ಟಿರುವವಳು ಅದಕ್ಕೆಂದು ಕೊಡಿಸಿದ್ದು ಅದೊಂದನ್ನೇ. "ಕಂಪನಿಯವ್ರೇ ಬೇಡ ಅನ್ಲಿ, ಬಿಡ್ತೀನಿ," ಅಂದಳಂತೆ.

ತಾನೇ ಮಾಡಿದ್ದನ್ನು ಬೇಡ ಎನ್ನುವ ಕಂಪನಿಯನ್ನು ನಾನಂತೂ ಕಂಡಿಲ್ಲ. ಆಯಮ್ಮನಿಗೂ ಹಾಗೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಂಪನಿಯವ್ರು ಅಂಗಡಿಗೆ ಬರೋದು ಯಾವತ್ತು?"

ಆ ವಾರ ಪೌಡರ್ ಕಂಪನಿಯ ರೆಪ್ ಆರ್ಡರ್ ಬರೆದುಕೊಳ್ಳಲು ಬಂದಾಗ ಆಯಮ್ಮ ನನಗಿಂತ ಮೊದಲೇ ಹಾಜರಿದ್ದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲೊಂದು ನೋಟ್‌ಬುಕ್. ಕುರ್ಚಿ ಎಳೆದು ರೆಪ್‌ನನ್ನು ಕೂರಿಸಿ, ನನ್ನ ಕಡೆ ತಿರುಗಿದರು.

"ಅಣ್ಣ, ನೀವು ಹೊರಗೆ ಹೋಗಿ."

"ಇದು ನನ್ನ ಅಂಗಡಿ ಆಯಮ್ಮ."

"ಅದಕ್ಕೇ. ಆಡಿಟ್ ಹೊತ್ತಲ್ಲಿ ಯಜಮಾನರು ಒಳಗಿರಬಾರದು. ಎದುರಿಗಿದ್ರೆ ಯಾರೂ ನಿಜ ಹೇಳಲ್ಲ."

ತೋಟದ ಆಡಿಟ್‌ನಲ್ಲಿ ಕ್ರಮ ಹಾಗೆಯೇ. ಸಾಹುಕಾರರನ್ನೂ ರೈಟರನ್ನೂ ಹೊರಗಟ್ಟಿ ಕೆಲಸದವರನ್ನು ಒಬ್ಬೊಬ್ಬರಾಗಿ ಕೇಳುತ್ತಾರೆ. ನಾನು ನನ್ನದೇ ಅಂಗಡಿಯ ಮುಂದೆ, ನನ್ನದೇ ಗಿರಾಕಿಗಳ ಜೊತೆ ಬಿಸಿಲಿನಲ್ಲಿ ನಿಂತೆ. ಕಾಲು ಗಂಟೆ ಆದ ಮೇಲೆ ರೆಪ್ ಹಣೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಸರ್, ಮೇಡಂ ಯಾವ ಇಲಾಖೆಯವರು?"

"ತೊಟ್ಟಿಲು ಇಲಾಖೆ," ಎಂದು ಒಳಗೆ ಹೋದೆ.

ಆಯಮ್ಮ ಶೆಲ್ಫಿನಿಂದ ಪೌಡರ್ ಡಬ್ಬಗಳನ್ನು ಇಳಿಸಿ ಕೌಂಟರಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. "ವಾಪಸ್ ತಗೊಂಡು ಹೋಗ್ಲಿ. ಆಡಿಟ್ ಆಯ್ತು."

ಮಾಲು ವಾಪಸ್ ಹೋಗಬೇಕಾದರೆ ಒಂದು ಫಾರಂ ತುಂಬಬೇಕು. ರೆಪ್ ತುಂಬತೊಡಗಿ ಕಾರಣದ ಜಾಗದಲ್ಲಿ ನಿಂತ. ಒಡೆದಿದೆ, ಸೋರಿದೆ, ಅವಧಿ ಮುಗಿದಿದೆ. ಅಚ್ಚಾಗಿದ್ದ ಕಾರಣಗಳು ಮೂರೇ. ಡಬ್ಬಗಳು ಒಡೆದಿರಲಿಲ್ಲ, ಸೋರಿರಲಿಲ್ಲ, ಅವಧಿಯೂ ಬೇಕಾದಷ್ಟಿತ್ತು.

"ಏನಂತ ಬರೀಲಿ ಮೇಡಂ?"

"ನನ್ ಹತ್ರ ಈಗ ಏನಂದ್ಯೋ ಅದನ್ನೇ ಬರಿ ಮಗ."

ಅವನು ನನ್ನ ಮುಖ ನೋಡಿದ. ಸಂದೇಹಪಡುವುದೇ ನನ್ನ ಸ್ವಭಾವ. ಒಂದು ಕೂಸಿನ ಗುಳ್ಳೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಈಗಲೂ ವಾದಿಸಬಲ್ಲೆ. ಆದರೆ ಬಿಸಿಲಿನಲ್ಲಿ ಕಾಲು ಗಂಟೆ ನಿಂತಾಗ ತೋಚಿದ್ದಿಷ್ಟು: ಸಾಬೀತು ಮಾಡಬೇಕಾದವರು ಮಂಡಿ ನೋವಿನ ಆಯಮ್ಮ ಯಾಕಾಗಬೇಕು?

"ಬರೀದಿದ್ರೆ ಈ ತಿಂಗಳು ಆರ್ಡರ್ ಇಲ್ಲ," ಎಂದೆ.

ಬರೆದ. ಅಂಗಡಿಗೆ ಬರಬೇಕಾದ ಪ್ರತಿಯನ್ನು ಆಯಮ್ಮ ಕೇಳದೇ ಹರಿದುಕೊಂಡು ಹೋದರು. ಅದನ್ನು ಓದಿದ ಮೇಲೆ ತಾಯಿ ಪೌಡರ್ ಕಳಿಸುವುದನ್ನೂ ಕೂಸನ್ನು ಮೂಸುವುದನ್ನೂ ಬಿಟ್ಟಳು. ದೂರು ನಿಂತಿತು. ಆಯಮ್ಮ ಶಿಶುವಿಹಾರದಲ್ಲೇ ಉಳಿದರು. ಆ ಹಾಳೆ ಈಗ ಅಲ್ಲಿಯ ಗೋಡೆಯ ಮೇಲಿದೆ. ಕೆಳಗೆ ರೆಪ್‌ನ ಸಹಿ, ಕಂಪನಿಯ ಮುದ್ರೆ. ವಾಪಸಾತಿಗೆ ಕಾರಣ ಎಂಬಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗಿದೆ:

"ನಮ್ಮ ಮನೆಯಲ್ಲೂ ಮಗುವಿಗೆ ಹಾಕುವುದಿಲ್ಲ. ಹೆಂಡತಿ ಬಿಡುವುದಿಲ್ಲ."